ಕೆಲಸದಿಂದ ತೆಗೆದವರ ಭತ್ಯೆ ಓನರ್ ಕಟ್ಟಬೇಕಾ?

ಪ್ರಶ್ನೆ: "ಫ್ರೀಮಾಂಟ್‌ನಲ್ಲಿ ನಮ್ಮದೊಂದು ಸಣ್ಣ ತಿಂಡಿ ಹೋಟೆಲ್ ಇದೆ ಸರ್. ವ್ಯಾಪಾರ ಕಮ್ಮಿ ಆಗಿ ಅಡುಗೆಮನೆಯ ಒಬ್ಬರನ್ನು ಕಳಿಸಬೇಕಾಯ್ತು. ಅವರು ಅನ್‌ಎಂಪ್ಲಾಯ್‌ಮೆಂಟ್‌ಗೆ ಹಾಕಿದ್ದಾರೆ. ವಾರಕ್ಕೆ 450 ಡಾಲರ್, 26 ವಾರ ಅಂತೆ. ಅಷ್ಟೂ ನನ್ನ ತಲೆ ಮೇಲೆ ಬರುತ್ತಾ?"

ಬರುವುದಿಲ್ಲ. ಮೊದಲು ಹೋಗಿ ನಿದ್ದೆ ಮಾಡಿ, ಉಳಿದದ್ದನ್ನು ಬೆಳಗ್ಗೆ ಓದಿ.

ಕ್ಯಾಲಿಫೋರ್ನಿಯಾದ ಸಣ್ಣ ಅಂಗಡಿ, ಹೋಟೆಲ್‌ಗಳ ಸಂಬಳದ ಲೆಕ್ಕ ಬರೆಯುವುದು ನನ್ನ ಕೆಲಸ. ಈ ಪ್ರಶ್ನೆ ಬರದ ತಿಂಗಳೇ ಇಲ್ಲ. ಎಲ್ಲರೂ ಮಾಡುವ ಗುಣಾಕಾರವೂ ಒಂದೇ: 450 ಇಂಟು 26, ಅಂದರೆ 11,700. ಈ ಭತ್ಯೆ ನೋಡಿಕೊಳ್ಳುವ ರಾಜ್ಯದ ಇಲಾಖೆ ಇಡಿಡಿಯಿಂದ ಅಷ್ಟಕ್ಕೂ ಬಿಲ್ ಬರುತ್ತೆ ಅಂತ ಯಾರೋ ಗೃಹಪ್ರವೇಶದ ಊಟದಲ್ಲಿ ಹೇಳಿರುತ್ತಾರೆ. ಅಂಥ ಬಿಲ್ ಇಲ್ಲ ಸ್ವಾಮಿ. ಮೂರು ತಿಂಗಳಿಗೊಮ್ಮೆ ಸಂಬಳದ ಲೆಕ್ಕದ ಡಿಇ 9 ಫಾರಂ ಕಳಿಸುವಾಗ ಯುಐ (ನಿರುದ್ಯೋಗ ವಿಮೆ) ಟ್ಯಾಕ್ಸ್ ಅಂತ ಕಟ್ಟುತ್ತೀರಲ್ಲ, ಅದು ಸೇರುವ ರಾಜ್ಯದ ನಿಧಿಯಿಂದಲೇ ಭತ್ಯೆ ಹೋಗುತ್ತದೆ. (ಕೆಲಸಗಾರರ ಪೇಸ್ಲಿಪ್‌ನಲ್ಲಿ ಕಟ್ ಆಗುವುದು ಎಸ್‌ಡಿಐ, ಕಾಯಿಲೆ ಬಿದ್ದು ದುಡಿಯಲಾಗದವರಿಗೆ ಇರುವ ರಾಜ್ಯದ ವಿಮೆ. ಅದೇ ಬೇರೆ, ಇದೇ ಬೇರೆ.)

ಹಾಗಂತ ನಿಮಗೆ ಏನೂ ತಟ್ಟುವುದಿಲ್ಲ ಅಂತಲ್ಲ. ಊರಲ್ಲಿ ಇಎಸ್‌ಐಗೆ ಎಲ್ಲ ಓನರ್‌ಗಳದ್ದೂ ಒಂದೇ ದರ, 3.25%. ಇಲ್ಲಿ ಒಬ್ಬೊಬ್ಬರದ್ದು ಒಂದೊಂದು. ಇಡಿಡಿ ನಿಮ್ಮ ಹೆಸರಲ್ಲಿ ರಿಸರ್ವ್ ಅಕೌಂಟ್ ಅಂತ ಒಂದು ಲೆಕ್ಕ ಇಟ್ಟಿರುತ್ತದೆ. ನೀವು ಕಟ್ಟಿದ್ದು ಜಮೆ, ನಿಮ್ಮ ಹಳೆ ಕೆಲಸಗಾರರಿಗೆ ಹೋದ ಭತ್ಯೆ ಖರ್ಚು. ಉಳಿದದ್ದನ್ನು ನಿಮ್ಮ ಸಂಬಳದ ಮೊತ್ತದ ಪಕ್ಕ ಇಟ್ಟು ನೋಡಿ ಮುಂದಿನ ವರ್ಷದ ದರ ಗೊತ್ತು ಮಾಡುತ್ತಾರೆ. ಡಿಸೆಂಬರ್‌ನಲ್ಲಿ ಆ ದರ ತಿಳಿಸುವ ಡಿಇ 2088 ಅಂತ ಒಂದು ಕಾಗದ ಬರುತ್ತದೆ. ಒಡೆದೂ ನೋಡದೆ ಕ್ಯಾಶ್ ಕೌಂಟರ್ ಕೆಳಗಿನ ಡ್ರಾಯರ್‌ಗೆ ತುರುಕುತ್ತೀರಲ್ಲ, ಅದೇ.

ಈಗ ಆ 11,700ರ ಕಥೆ ಮುಗಿಸೋಣ. ಟ್ಯಾಕ್ಸ್ ಬೀಳುವುದು ಒಬ್ಬೊಬ್ಬರ ವರ್ಷದ ಸಂಬಳದ ಮೊದಲ 7,000 ಡಾಲರ್‌ಗೆ ಮಾತ್ರ. ಹೊಸ ಓನರ್‌ಗೆ ದರ 3.4%, ಅಂದರೆ ತಲೆಗೆ 238 ಡಾಲರ್. ಎರಡು ಮೂರು ವರ್ಷ ಕಳೆದ ಮೇಲೆ ನಿಮ್ಮ ಲೆಕ್ಕ ನೋಡಿ 1.5ರಿಂದ 6.2ರ ಒಳಗೆ ಎಲ್ಲೋ ಕೂರಿಸುತ್ತಾರೆ. ತೀರಾ ಕೆಟ್ಟು 6.2ಕ್ಕೇ ಹೋದಿರಿ ಅಂತಲೇ ಇಟ್ಟುಕೊಳ್ಳಿ, ಆಗ ತಲೆಗೆ 434. ಜಾಸ್ತಿ ಆಗಿದ್ದು 196. ಎಂಟು ಜನ ಇದ್ದರೆ ವರ್ಷಕ್ಕೆ 1,568. ಒಂದೇ ವರ್ಷದಲ್ಲಿ ಅದು ಇಳಿಯದೆಯೂ ಇರಬಹುದು, ಒಪ್ಪಿದೆ. ಆದರೆ ಒಬ್ಬರ ಒಂದು ಕ್ಲೇಮ್‌ನಿಂದ ತುತ್ತತುದಿಗೆ ಹೋಗಲೇಬೇಕು ಅಂತೇನಿಲ್ಲ. ಮೊದಲೇ 6.2ರಲ್ಲಿ ಇರುವವರಿಗಂತೂ ಮೇಲೆ ಹೋಗಲು ಜಾಗವೇ ಇಲ್ಲ!

ಇನ್ನೊಂದು. ಖರ್ಚು ಪೂರ್ತಿ ಕೊನೆಯ ಓನರ್ ಲೆಕ್ಕಕ್ಕೇ ಹೋಗುತ್ತೆ ಅನ್ನುವುದೂ ತಪ್ಪು. ಕ್ಲೇಮ್‌ಗೆ ಹಿಡಿಯುವ ಹಿಂದಿನ ಹನ್ನೆರಡು ತಿಂಗಳಲ್ಲಿ ಯಾರ್ಯಾರು ಸಂಬಳ ಕೊಟ್ಟಿದ್ದರೋ ಅವರಿಗೆಲ್ಲ, ಕೊಟ್ಟ ಸಂಬಳಕ್ಕೆ ತಕ್ಕಂತೆ ಹಂಚುತ್ತಾರೆ. ನಿಮ್ಮಲ್ಲಿ ಎರಡು ತಿಂಗಳು ದೋಸೆ ಹುಯ್ದು ಹೋದವರಿಗಾಗಿ ನೀವು ಇಷ್ಟು ಬೆವರಬೇಕಾಗಿಲ್ಲ.

ಡಾಲರ್‌ಗೆ ಡಾಲರ್ ವಾಪಸ್ ಕಟ್ಟುವವರೂ ಇದ್ದಾರೆ. ಸರ್ಕಾರಿ ಸಂಸ್ಥೆಗಳು, ಲಾಭದ ಉದ್ದೇಶ ಇಲ್ಲದ ಕೆಲವು ಸಂಸ್ಥೆಗಳು ಟ್ಯಾಕ್ಸ್ ಬದಲು ಆ ದಾರಿ ಆರಿಸಿಕೊಳ್ಳಬಹುದು. ಅಂಥ ಕಡೆ ಲೆಕ್ಕ ಬರೆದ ಯಾರೋ ಹೇಳಿದ ಮಾತು ನಮ್ಮ ಹೋಟೆಲ್‌ಗಳಿಗೂ ಹಬ್ಬಿದೆ ಅಂತ ನನ್ನ ಅನುಮಾನ.

ನನಗೆ ಸಿಟ್ಟು ಬರುವುದು ಈ ಹೆದರಿಕೆಯಲ್ಲಿ ಓನರ್‌ಗಳು ಮಾಡುವ ಕೆಲಸಕ್ಕೆ. ಒಬ್ಬರು ನನ್ನ ಮುಂದೆ ಒಂದು ಹಾಳೆ ಇಟ್ಟರು. ಮೂಲೆಯಲ್ಲಿ ಸಾಂಬಾರಿನ ಕಲೆ. "ನಾನಾಗಿ ಕೆಲಸ ಬಿಟ್ಟಿದ್ದೇನೆ, ಭತ್ಯೆ ಕೇಳುವುದಿಲ್ಲ" ಅಂತ ಬರೆಸಿ ಸಹಿ ಹಾಕಿಸಿದ್ದಾರೆ, ತೆಗೆದವರು ಇವರೇ! ಭತ್ಯೆ ಕೇಳುವುದಿಲ್ಲ ಅನ್ನುವ ಕರಾರಿಗೆ ಇಲ್ಲಿನ ಕಾನೂನಿನಲ್ಲಿ ಬೆಲೆಯೇ ಇಲ್ಲ. ಅದನ್ನು ಹಿಡಿದುಕೊಂಡು ಇಡಿಡಿಗೆ ಸುಳ್ಳು ಬರೆದರೆ ದಂಡ ಬೇರೆ. ಆ ಹಾಳೆಯನ್ನು ಹರಿದು ಹಾಕಿಸಿದೆ.

ನಿಜವಾಗಿಯೂ ಸುಮ್ನೆ ಬಿಟ್ಟು ಹೋದವರು, ಗಲ್ಲಾಪೆಟ್ಟಿಗೆಗೆ ಕೈ ಹಾಕಿದವರು ಕ್ಲೇಮ್ ಹಾಕಿದರೆ ಅದಕ್ಕೆ ದಾರಿ ಇದೆ. ಕ್ಲೇಮ್ ಬಂದಿದೆ ಅಂತ ಇಡಿಡಿಯಿಂದ ಡಿಇ 1101ಸಿಝಡ್ ನೋಟಿಸ್ ಬರುತ್ತದೆ. ಇಡಿಡಿಯವರು ಅಂಚೆಗೆ ಹಾಕಿದ ತಾರೀಖಿನಿಂದ 10 ದಿನದೊಳಗೆ ಇದ್ದದ್ದನ್ನು ಇದ್ದಹಾಗೆ ಬರೆದು ಕಳಿಸಿ. ಅವರು ಒಪ್ಪಿದರೆ ಆ ಖರ್ಚು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಡ್ರಾಯರ್‌ಗೆ ಹಾಕಿದರೆ ಕೈತಪ್ಪಿತು.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. "ಈ ವರ್ಷ ಟ್ಯಾಕ್ಸ್ ಏರಿತು, ಅವನು ಕ್ಲೇಮ್ ಹಾಕಿದ್ದಕ್ಕೇ" ಅನ್ನುವವರು ಫ್ಯೂಟಾ ಸಾಲು ನೋಡಿರುವುದೇ ಇಲ್ಲ. ಅದು ಕೇಂದ್ರದ ನಿರುದ್ಯೋಗ ಟ್ಯಾಕ್ಸ್, ಮಾಮೂಲಿಗೆ ತಲೆಗೆ 42 ಡಾಲರ್. ಕೋವಿಡ್ ಹೊತ್ತಲ್ಲಿ ರಾಜ್ಯ ಕೇಂದ್ರದಿಂದ ಸಾಲ ಮಾಡಿ ತೀರಿಸದೆ ಇದ್ದದ್ದಕ್ಕೆ 2022ಕ್ಕೆ 63, 2023ಕ್ಕೆ 84, 2024ಕ್ಕೆ 105 ಆಯಿತು. ಒಬ್ಬರನ್ನೂ ತೆಗೆಯದ ಓನರ್ ಕೂಡ ಅಷ್ಟೇ ಕಟ್ಟಿದ್ದಾರೆ.

ಮತ್ತೆ, ಆ 7,000ದ ಲೆಕ್ಕ ಹೊಸಬರು ಬಂದಾಗೆಲ್ಲ ಸೊನ್ನೆಯಿಂದ ಶುರು. ಪಾತ್ರೆ ತೊಳೆಯುವ ಒಂದೇ ಜಾಗಕ್ಕೆ ವರ್ಷದಲ್ಲಿ ಮೂವರು ಬಂದು, ಮೂರ್ಮೂರು ತಿಂಗಳು ದುಡಿದು ಅಷ್ಟು ಸಂಬಳ ತಗೊಂಡು ಹೋದರೆ 3.4%ರಲ್ಲೇ 714 ಡಾಲರ್ ಆಯಿತು. ಇದರಲ್ಲಿ ಯಾರೂ ಇನ್ನೂ ಕ್ಲೇಮ್ ಹಾಕಿಲ್ಲ.