ಸೆರೆಯಾಳಿನ ಮೇಲೆ ಎರಡೂ ಕಡೆಯ ಅನುಮಾನ

ಹೊಸದಾಗಿ ಸೇನೆ ಸೇರಿದ ಅಧಿಕಾರಿಗಳಿಗೆ ಯುದ್ಧ ಕಾನೂನಿನ ಪಾಠ ಮಾಡುವುದು ನನ್ನ ವಕೀಲಿ ವೃತ್ತಿಯ ಒಂದು ಭಾಗ. ಪ್ರತಿ ತಂಡದಲ್ಲೂ ಯಾರಾದರೊಬ್ಬರು ಕೈ ಎತ್ತಿ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. "ಮೇಡಂ, ಶತ್ರುವಿನ ಕೈಗೆ ಸಿಕ್ಕರೆ ಎಷ್ಟು ಬಾಯಿ ಬಿಡಬಹುದು?"

ಕಾನೂನಿನ ಉತ್ತರ ಸುಲಭ. 1949ರ ಮೂರನೇ ಜಿನೀವಾ ಒಪ್ಪಂದದ 17ನೇ ವಿಧಿಯ ಪ್ರಕಾರ ಯುದ್ಧಕೈದಿ ಹೇಳಬೇಕಾದದ್ದು ನಾಲ್ಕೇ ವಿಷಯ. ಹೆಸರು, ಹುದ್ದೆ, ಹುಟ್ಟಿದ ದಿನ, ಸೇನಾ ಸಂಖ್ಯೆ. ಶತ್ರು ಇನ್ನೂ ನೂರು ಪ್ರಶ್ನೆ ಕೇಳಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಉತ್ತರ ಕೊಡಲಿಲ್ಲ ಅಂತ ಹೊಡೆಯುವಂತಿಲ್ಲ, ಬೆದರಿಸುವಂತಿಲ್ಲ, ಅವಮಾನ ಮಾಡುವಂತಿಲ್ಲ.

ಇಷ್ಟು ಹೇಳಿದ ಮೇಲೂ ಕೇಳಿದವರ ಮುಖದಲ್ಲಿ ಸಮಾಧಾನ ಕಾಣುವುದಿಲ್ಲ. ಅವರ ಮನಸ್ಸಿನಲ್ಲಿರುವ ಪ್ರಶ್ನೆಯೇ ಬೇರೆ. ವಾಪಸ್ ಬಂದ ಮೇಲೆ ನಮ್ಮವರು ನನ್ನನ್ನು ನಂಬುತ್ತಾರಾ?

ಯುದ್ಧದಲ್ಲಿ ಸೆರೆಸಿಕ್ಕು ಮರಳಿದ ಹಿರಿಯರೊಬ್ಬರು ಒಮ್ಮೆ ನನ್ನೆದುರು ಕೂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ನೋಡಮ್ಮ, ಅಲ್ಲಿದ್ದಾಗ ದಿನಾ ಒಂದೇ ಪ್ರಶ್ನೆ, ನಿನಗೆ ಏನು ಗೊತ್ತು ಅಂತ. ಇಲ್ಲಿಗೆ ಬಂದ ಮೇಲೂ ಒಂದೇ ಪ್ರಶ್ನೆ, ನೀನು ಏನು ಹೇಳಿದೆ ಅಂತ." ಯುದ್ಧಕೈದಿಯ ಪಾಡು ಇದೇ. ಇವನಿಗೆ ತನ್ನ ದೇಶದ ಮೇಲೆ ಇನ್ನೂ ನಿಷ್ಠೆ ಇದೆ ಎಂದು ಶತ್ರು ಅನುಮಾನ ಪಡುತ್ತಾನೆ. ಆ ನಿಷ್ಠೆ ಉಳಿದಿದೆಯೋ ಇಲ್ಲವೋ ಎಂದು ಸ್ವಂತ ದೇಶ ಅನುಮಾನ ಪಡುತ್ತದೆ.

ಇವೆರಡರಲ್ಲಿ ಮೊದಲನೆಯ ಅನುಮಾನವನ್ನು ಜಿನೀವಾ ಒಪ್ಪಂದ ತುಂಬಾ ಚೆನ್ನಾಗಿ ಬಗೆಹರಿಸಿದೆ. ನನಗೆ ತುಂಬಾ ಇಷ್ಟವಾದ ವಿಧಿ 87ನೆಯದು. ಕೈದಿಗೆ ಶಿಕ್ಷೆ ವಿಧಿಸುವಾಗ ನ್ಯಾಯಾಲಯ ಒಂದು ಮಾತನ್ನು ಆದಷ್ಟೂ ಗಮನದಲ್ಲಿ ಇಟ್ಟುಕೊಳ್ಳಬೇಕು ಎನ್ನುತ್ತದೆ ಅದು. ಈತ ನಮ್ಮ ಪ್ರಜೆಯಲ್ಲ, ಹಾಗಾಗಿ ನಮಗೆ ನಿಷ್ಠನಾಗಿರಬೇಕಾದ ಹೊಣೆ ಇವನಿಗಿಲ್ಲ ಎನ್ನುವುದೇ ಆ ಮಾತು. ಈ ವಿಧಿಯನ್ನು ಓದಿದಾಗಲೆಲ್ಲ ಒಂದು ಕ್ಷಣ ನಿಲ್ಲುತ್ತೇನೆ. ನಿನ್ನೆಯವರೆಗೂ ನಮ್ಮ ಮೇಲೆ ಗುಂಡು ಹಾರಿಸಿದವನ ದೇಶಪ್ರೇಮವನ್ನು ನಮ್ಮ ಕಾನೂನೇ ಒಪ್ಪಿಕೊಳ್ಳುತ್ತಿದೆ. ಅವನು ತನ್ನ ಹುದ್ದೆಯ ಗುರುತನ್ನೂ ಪದಕಗಳನ್ನೂ ಧರಿಸಲು ಬಿಡಬೇಕು. ಅವನ ದೇಶದ ವಿರುದ್ಧ ಅವನ ಕೈಯಲ್ಲೇ ಆಯುಧ ಹಿಡಿಸಿದರೆ ಅದು ಘೋರ ಉಲ್ಲಂಘನೆ.

ತಪ್ಪಿಸಿಕೊಳ್ಳುವ ವಿಷಯದಲ್ಲಿ ಈ ತಿಳಿವಳಿಕೆ ಇನ್ನೂ ಚೆನ್ನಾಗಿ ಕಾಣುತ್ತದೆ. ಜೈಲಿನಿಂದ ಕಳ್ಳ ಓಡಿಹೋದರೆ ಅದು ಹೊಸದೊಂದು ಅಪರಾಧ. ಯುದ್ಧಕೈದಿ ಓಡಿಹೋಗಲು ನೋಡಿ ಸಿಕ್ಕಿಬಿದ್ದರೆ ಶಿಸ್ತಿನ ಕ್ರಮ ಮಾತ್ರ, ಅದೂ 30 ದಿನಕ್ಕಿಂತ ಹೆಚ್ಚಿಲ್ಲ. ಪೂರ್ತಿ ಪಾರಾಗಿ ತನ್ನ ಸೇನೆ ಸೇರಿಕೊಂಡವನು ಮುಂದೆ ಇನ್ನೊಂದು ಸಲ ಸೆರೆಸಿಕ್ಕರೆ, ಹಿಂದಿನ ಪಲಾಯನಕ್ಕಾಗಿ ಶಿಕ್ಷೆಯೇ ಇಲ್ಲ. ಮರಳಿ ತನ್ನವರನ್ನು ಸೇರಲು ನೋಡುವುದು ಸೈನಿಕನ ಕರ್ತವ್ಯ ಎಂದು ಎದುರು ಪಕ್ಷವೂ ಒಪ್ಪಿದಂತಾಯಿತು, ಅಲ್ವಾ?

ಒಪ್ಪದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 1944ರ ಮಾರ್ಚ್ ಸಾಕ್ಷಿ. ಜರ್ಮನ್ನರ ಸ್ಟಾಲಾಗ್ ಲುಫ್ಟ್ 3 ಶಿಬಿರದಿಂದ ಮಿತ್ರಪಕ್ಷಗಳ 76 ವಾಯುಪಡೆ ಕೈದಿಗಳು ಸುರಂಗ ಕೊರೆದು ಹೊರಬಿದ್ದರು. 73 ಮಂದಿ ಸಿಕ್ಕಿಬಿದ್ದರು. ಹಿಟ್ಲರ್ ಆದೇಶದ ಮೇಲೆ ಅವರಲ್ಲಿ 50 ಮಂದಿಯನ್ನು ಗುಂಡಿಟ್ಟು ಕೊಂದರು. ಆಗ ಜಾರಿಯಲ್ಲಿದ್ದ 1929ರ ಒಪ್ಪಂದದಲ್ಲೂ ಪಲಾಯನಕ್ಕೆ ಶಿಸ್ತಿನ ಕ್ರಮ ಬಿಟ್ಟರೆ ಬೇರೆ ಶಿಕ್ಷೆ ಇರಲಿಲ್ಲ. ಜರ್ಮನಿಯೂ ಅದಕ್ಕೆ ಸಹಿ ಹಾಕಿತ್ತು. ಯುದ್ಧದ ನಂತರ ಹ್ಯಾಂಬರ್ಗ್‌ನಲ್ಲಿ ವಿಚಾರಣೆ ನಡೆದು, ಕೊಂದವರಲ್ಲಿ ಹಲವರಿಗೆ ಮರಣದಂಡನೆಯಾಯಿತು.

1972ರ ಆಗಸ್ಟ್‌ನಲ್ಲಿ ರಾವಲ್ಪಿಂಡಿಯ ಶಿಬಿರದಿಂದ, 1971ರ ಯುದ್ಧದಲ್ಲಿ ಸೆರೆಸಿಕ್ಕಿದ್ದ ಭಾರತದ ಮೂವರು ಪೈಲಟ್‌ಗಳು ಗೋಡೆ ಕೊರೆದು ಹೊರಬಂದರು. ದಿಲೀಪ್ ಪಾರುಲ್ಕರ್, ಎಂ. ಎಸ್. ಗ್ರೇವಾಲ್ ಮತ್ತು ಹರೀಶ್ ಸಿನ್ಹಜಿ. ಅಫ್ಘಾನ್ ಗಡಿ ಇನ್ನೇನು ಹತ್ತಿರ ಎನ್ನುವಾಗ ಲಂಡಿ ಕೋತಲ್‌ನಲ್ಲಿ ಸಿಕ್ಕಿಬಿದ್ದರು. ಅದೇ ವರ್ಷ ಮೂವರೂ ಜೀವಂತವಾಗಿ ತವರಿಗೆ ಬಂದರು. ಯುದ್ಧ ಮುಗಿದು ವರ್ಷವೂ ಆಗಿರಲಿಲ್ಲ, ದ್ವೇಷ ಹಸಿಯಾಗಿಯೇ ಇತ್ತು. ಆದರೂ ನಿಯಮ ಉಳಿಯಿತು.

ವಿಯೆಟ್ನಾಂ ಯುದ್ಧದಲ್ಲಿ ಉಳಿಯಲಿಲ್ಲ. 1966ರ ಜುಲೈನಲ್ಲಿ ಸೆರೆಸಿಕ್ಕ ಅಮೆರಿಕನ್ ಪೈಲಟ್‌ಗಳನ್ನು ಹನೋಯ್ ಬೀದಿಗಳಲ್ಲಿ ಮೆರವಣಿಗೆ ಮಾಡಿದರು, ಜನ ಮೇಲೆ ಬಿದ್ದು ಹೊಡೆದರು. ಕೈದಿಯನ್ನು ಜನರ ಎದುರು ಪ್ರದರ್ಶನಕ್ಕೆ ಇಡಬಾರದು ಎನ್ನುವ 13ನೇ ವಿಧಿಗೆ ಇದು ನೇರವಾಗಿ ವಿರುದ್ಧ. ಆದರೆ ಆ ಬೀದಿಯಲ್ಲಿ ನಿಂತಿದ್ದವರು ಅದೇ ವಿಮಾನಗಳ ಬಾಂಬ್ ಕೆಳಗೆ ಬದುಕುತ್ತಿದ್ದವರು. ಇವರು ಯುದ್ಧಕೈದಿಗಳಲ್ಲ, ಯುದ್ಧಾಪರಾಧಿಗಳು ಎಂದೇ ಹನೋಯ್ ಸರ್ಕಾರ ವಾದಿಸಿತು. ಆ ವಾದವನ್ನು ನಾನು ಒಪ್ಪುವುದಿಲ್ಲ. ಆದರೂ ಆ ಜನರ ಸಿಟ್ಟು ನನಗೆ ಅರ್ಥವಾಗುತ್ತದೆ. ಸಿಟ್ಟು ನ್ಯಾಯವಾಗಿದ್ದಾಗಲೂ ಕೈ ತಡೆಯಬೇಕು ಅಂತಲೇ ಈ ಕಾನೂನು ಹುಟ್ಟಿದ್ದು.

ಇನ್ನು ಎರಡನೆಯ ಅನುಮಾನ, ನಮ್ಮವರದು. ಇದಕ್ಕೆ ಅಂತರರಾಷ್ಟ್ರೀಯ ಒಪ್ಪಂದ ಉತ್ತರ ಕೊಡುವುದಿಲ್ಲ, ಅದನ್ನು ಆಯಾ ದೇಶಕ್ಕೆ ಬಿಟ್ಟಿದೆ. ನಮ್ಮ 1950ರ ಸೇನಾ ಕಾಯ್ದೆಯ 35ನೇ ಕಲಮನ್ನು ಜನ ಸುಮ್ನೆ ತಪ್ಪಾಗಿ ಓದುತ್ತಾರೆ. ಸೆರೆಸಿಕ್ಕಿದ್ದೇ ಅಪರಾಧ ಎಂದು ಅದು ಎಲ್ಲೂ ಹೇಳಿಲ್ಲ. ಸರಿಯಾದ ಎಚ್ಚರ ವಹಿಸದೆ, ಆದೇಶ ಮೀರಿ, ಅಥವಾ ಬೇಕೆಂದೇ ಕರ್ತವ್ಯ ಬಿಟ್ಟು ಸೆರೆಸಿಕ್ಕರೆ ತಪ್ಪು. ಮರಳಿ ಬರಲು ದಾರಿಯಿದ್ದೂ ಬರದಿದ್ದರೆ ತಪ್ಪು. ಗಾಯಗೊಂಡು ಬಿದ್ದವನ ಮೇಲೆ, ಮದ್ದುಗುಂಡು ಮುಗಿದವನ ಮೇಲೆ, ವಿಮಾನ ಉರುಳಿ ಇಳಿದವನ ಮೇಲೆ ಈ ಕಲಮು ಬೆರಳು ತೋರಿಸುವುದಿಲ್ಲ.

ಎಲ್ಲ ದೇಶಗಳೂ ಹೀಗೆ ಯೋಚಿಸಲಿಲ್ಲ. ಪರ್ಲ್ ಹಾರ್ಬರ್ ದಾಳಿಗೆ ಜಪಾನ್ ಐದು ಪುಟ್ಟ ಜಲಾಂತರ್ಗಾಮಿಗಳನ್ನು ಕಳಿಸಿತ್ತು. ಒಂದೊಂದರಲ್ಲಿ ಇಬ್ಬರು, ಒಟ್ಟು ಹತ್ತು ಜನ. ಒಂಬತ್ತು ಮಂದಿ ಸತ್ತರು, ಜಪಾನ್ ಅವರನ್ನು ಯುದ್ಧದೇವತೆಗಳೆಂದು ಪೂಜಿಸಿತು. ಹತ್ತನೆಯವನಾದ ಕಜುವೊ ಸಕಮಾಕಿ ಪ್ರಜ್ಞೆ ತಪ್ಪಿ ದಡ ಸೇರಿ ಅಮೆರಿಕನ್ನರ ಕೈಗೆ ಸಿಕ್ಕ. ಆ ಯುದ್ಧದಲ್ಲಿ ಅಮೆರಿಕ ಹಿಡಿದ ಮೊದಲ ಜಪಾನಿ ಕೈದಿ ಅವನೇ. ವೀರರ ಚಿತ್ರದಲ್ಲಿ ಅವನಿಗೆ ಜಾಗ ಸಿಗಲಿಲ್ಲ. ಒಟ್ಟಿಗೆ ಹೊರಟವರಲ್ಲಿ ಬದುಕಿದ್ದೇ ಅವನ ತಪ್ಪಾಯಿತು.

ಸೋವಿಯತ್ ಒಕ್ಕೂಟದ ಕಥೆ ಇನ್ನೂ ಭಾರ. 1941ರ ಆಗಸ್ಟ್‌ನಲ್ಲಿ ಹೊರಟ 270ನೇ ಆದೇಶದ ಪ್ರಕಾರ ಶರಣಾದ ಅಧಿಕಾರಿಗಳು ದ್ರೋಹಿಗಳು, ಅವರ ಮನೆಯವರನ್ನು ಬಂಧಿಸಬೇಕು. ಯುದ್ಧದ ಅವಧಿಯಲ್ಲಿ ಸುಮಾರು 57 ಲಕ್ಷ ಸೋವಿಯತ್ ಸೈನಿಕರು ಜರ್ಮನ್ನರ ಕೈಗೆ ಸಿಕ್ಕರು. 30 ಲಕ್ಷಕ್ಕೂ ಹೆಚ್ಚು ಜನ ಹಸಿವು, ಚಳಿ, ಗುಂಡಿಗೆ ಸತ್ತರು. ಬದುಕಿ ಮರಳಿದವರನ್ನು ಅವರದೇ ದೇಶ ಶೋಧನಾ ಶಿಬಿರಗಳಲ್ಲಿ ಕೂಡಿಹಾಕಿ ವಿಚಾರಿಸಿತು. ಅವರ ಹಕ್ಕುಗಳನ್ನು ರಷ್ಯಾ ಪೂರ್ತಿಯಾಗಿ ಹಿಂದಿರುಗಿಸಿದ್ದು 1995ರಲ್ಲಿ. ಅಷ್ಟು ಹೊತ್ತಿಗೆ ಎಷ್ಟು ಜನ ಉಳಿದಿದ್ದರು?

ಇಲ್ಲಿ ಇಬ್ಬರು ತಂದೆಯರು ನನಗೆ ನೆನಪಾಗುತ್ತಾರೆ. ಸ್ಟಾಲಿನ್ ಮಗ ಯಾಕೋವ್ 1941ರಲ್ಲಿ ಸೆರೆಸಿಕ್ಕ. ಅವನ ಹೆಂಡತಿಯನ್ನು ಸೋವಿಯತ್ ಪೊಲೀಸರೇ ಬಂಧಿಸಿದರು. ಮಗನನ್ನು ವಿನಿಮಯ ಮಾಡಿಕೊಳ್ಳುವ ಮಾತನ್ನು ಸ್ಟಾಲಿನ್ ಒಪ್ಪಲಿಲ್ಲ. 1943ರಲ್ಲಿ ಯಾಕೋವ್ ಜರ್ಮನ್ ಶಿಬಿರದಲ್ಲೇ ಸತ್ತ. 1965ರ ಯುದ್ಧದಲ್ಲಿ ನಮ್ಮ ಜನರಲ್ ಕಾರ್ಯಪ್ಪನವರ ಮಗ, ಪೈಲಟ್ ಕೆ. ಸಿ. ಕಾರ್ಯಪ್ಪ ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಅಲ್ಲಿನ ಅಧ್ಯಕ್ಷ. ಮಗನ ಬಗ್ಗೆ ವಿಶೇಷ ಕಾಳಜಿ ತೋರಿಸಲು ಅವರು ಮುಂದೆ ಬಂದರು. ಕೈದಿಗಳೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂದುಬಿಟ್ಟರು ಕಾರ್ಯಪ್ಪನವರು.

ಮೇಲ್ನೋಟಕ್ಕೆ ಇಬ್ಬರು ತಂದೆಯರೂ ಮಗನಿಗೆ ರಿಯಾಯಿತಿ ಬೇಡ ಎಂದವರೇ. ಆದರೆ ಸ್ಟಾಲಿನ್ ಮಗನನ್ನೂ ಸೇರಿಸಿ ಸೆರೆಸಿಕ್ಕವರನ್ನೆಲ್ಲ ಕೈಬಿಟ್ಟ. ಕಾರ್ಯಪ್ಪನವರು ಮಗನ ಜೊತೆಗೆ ಎಲ್ಲರನ್ನೂ ತಮ್ಮವರು ಎಂದರು. ತರಗತಿಯಲ್ಲಿ ಕುಳಿತ ಹುಡುಗರಿಗೂ ಹುಡುಗಿಯರಿಗೂ ಇದನ್ನು ನಾನು ತಪ್ಪದೆ ಹೇಳುತ್ತೇನೆ. ದೇಶಕ್ಕೂ ಸೈನಿಕನ ಕಡೆಗೆ ನಿಷ್ಠೆ ಇರಬೇಕು.

ಕಷ್ಟವಾಗುವುದು ನಿಷ್ಠೆ ಯಾರ ಕಡೆಗೆ ಅನ್ನುವುದೇ ಸ್ಪಷ್ಟವಿಲ್ಲದಾಗ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಎರಡು ದಿನ ಕಳೆದು ಅಲ್ಲಿನ ಫ್ಯಾರರ್ ಪಾರ್ಕ್‌ನಲ್ಲಿ, ಬ್ರಿಟಿಷರ ಸೇನೆಯಲ್ಲಿದ್ದ ಭಾರತೀಯ ಸೈನಿಕರನ್ನು ಬ್ರಿಟಿಷ್ ಅಧಿಕಾರಿಗಳು ಜಪಾನಿಯರಿಗೆ ಒಪ್ಪಿಸಿದರು, ಜಪಾನಿಯರು ಕ್ಯಾಪ್ಟನ್ ಮೋಹನ್ ಸಿಂಗ್ ಕೈಗೆ ಒಪ್ಪಿಸಿದರು. ಅಲ್ಲಿಂದ ಬ್ರಿಟಿಷರ ವಿರುದ್ಧ ಹೋರಾಡುವ ಆಜಾದ್ ಹಿಂದ್ ಫೌಜ್ ಬೆಳೆಯಿತು. ಸಾವಿರಾರು ಜನ ಸೇರಿದರು. ಸಾವಿರಾರು ಜನ ಸೇರಲಿಲ್ಲ, ಕೊಟ್ಟ ಮಾತು ಮತ್ತು ತಿಂದ ಉಪ್ಪಿನ ಋಣ ಎಂದರು. ಹಾಗೆ ಉಳಿದವರಲ್ಲಿ ಅನೇಕರನ್ನು ಜಪಾನಿಯರು ನ್ಯೂಗಿನಿಯಂಥ ಕಡೆ ಕೂಲಿಗೆ ಸಾಗಿಸಿದರು, ಬಹಳ ಮಂದಿ ಅಲ್ಲೇ ಸತ್ತರು.

1945ರ ನವೆಂಬರ್‌ನಲ್ಲಿ ಕೆಂಪುಕೋಟೆಯಲ್ಲಿ ಫೌಜಿನ ಅಧಿಕಾರಿಗಳಾದ ಶಾ ನವಾಜ್ ಖಾನ್, ಪ್ರೇಮ್ ಸಹಗಲ್, ಗುರ್‌ಬಕ್ಷ್ ಸಿಂಗ್ ಧಿಲ್ಲೋನ್ ಕಟಕಟೆಯಲ್ಲಿ ನಿಂತರು. ಚಕ್ರವರ್ತಿಯ ವಿರುದ್ಧ ಯುದ್ಧ ಹೂಡಿದ ಆರೋಪ. ಅವರ ಪರವಾಗಿ ವಾದಿಸಿದ ಭೂಲಾಭಾಯ್ ದೇಸಾಯಿ, ತನ್ನ ಬಿಡುಗಡೆಗಾಗಿ ಹೋರಾಡುವ ಹಕ್ಕು ಪರಾಧೀನ ಜನಾಂಗಕ್ಕೂ ಇದೆ ಎಂದರು. ದೊರೆ ಒಂದು ಕಡೆ, ದೇಶ ಇನ್ನೊಂದು ಕಡೆ ನಿಂತಾಗ ಸೈನಿಕ ಯಾರ ಮಾತು ಕೇಳಬೇಕು ಎಂಬ ಪ್ರಶ್ನೆಯನ್ನು ನ್ಯಾಯಾಲಯದ ಮುಂದಿಟ್ಟರು. ಶಿಕ್ಷೆ ಜೀವಾವಧಿ ಗಡೀಪಾರು ಎಂದಾಯಿತು. ಕೆಲವೇ ದಿನಗಳಲ್ಲಿ ಸೇನಾ ದಂಡನಾಯಕ ಆಕಿನ್‌ಲೆಕ್ ಆ ಗಡೀಪಾರನ್ನು ರದ್ದು ಮಾಡಿದ. ಜನರ ಕಣ್ಣಲ್ಲಿ ಮೂವರೂ ವೀರರು. ಆದರೂ ಸ್ವತಂತ್ರ ಭಾರತದ ಸೇನೆ ಫೌಜಿನವರನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ.

ಯಾರು ಸರಿ ಎಂದು ಹುಡುಗರು ಕೇಳುತ್ತಾರೆ. ಒಂದು ಕಡೆ ತೀರ್ಪು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಶಿಬಿರದಲ್ಲಿ ಹಸಿದು ಕುಳಿತವನು ಸೇರಿದ್ದು ದೇಶಪ್ರೇಮದಿಂದಲೋ, ಊಟಕ್ಕೋ, ಸ್ನೇಹಿತ ಸೇರಿದ ಅಂತಲೋ? ಸೇರದೆ ಉಳಿದವನದು ರಾಜನಿಷ್ಠೆಯೋ, ಜಪಾನಿಯರ ಮೇಲಿನ ಅಪನಂಬಿಕೆಯೋ? ಹೊರಗೆ ನಿಂತು ಅಳೆಯಲು ಆಗುವುದಿಲ್ಲ. 1949ರ ಒಪ್ಪಂದ ಬರೆದವರಿಗೂ ಈ ಕಷ್ಟ ಗೊತ್ತಿತ್ತು. ಅದಕ್ಕೇ 7ನೇ ವಿಧಿಯಲ್ಲಿ, ಕೈದಿ ತಾನೇ ಬೇಡ ಎಂದರೂ ತನ್ನ ಹಕ್ಕುಗಳನ್ನು ಬಿಟ್ಟುಕೊಡುವಂತಿಲ್ಲ ಎಂದು ಬರೆದರು. ಬೇಲಿಯೊಳಗೆ ಕೊಟ್ಟ ಒಪ್ಪಿಗೆಯನ್ನು ಅವರು ನಂಬಲಿಲ್ಲ.

ಕೊರಿಯಾ ಯುದ್ಧದಲ್ಲಿ ಆ ಎಚ್ಚರಿಕೆ ಪರೀಕ್ಷೆಗೆ ಬಂತು. ಕಾದಾಟ ನಿಂತ ಕೂಡಲೇ ಕೈದಿಗಳನ್ನು ಬಿಟ್ಟು ಊರಿಗೆ ಕಳಿಸಬೇಕು ಎನ್ನುತ್ತದೆ 118ನೇ ವಿಧಿ. ಕೈದಿಯೇ ಹೋಗುವುದಿಲ್ಲ ಎಂದರೆ? ಈ ಒಂದು ಪ್ರಶ್ನೆಯಿಂದ ಕದನವಿರಾಮ ಒಂದು ವರ್ಷಕ್ಕೂ ಹೆಚ್ಚು ಕಾಲ ತಡವಾಯಿತು, ಅಷ್ಟು ದಿನವೂ ಜನ ಸಾಯುತ್ತಲೇ ಇದ್ದರು. ಕೊನೆಗೆ 1953ರಲ್ಲಿ ಐದು ತಟಸ್ಥ ದೇಶಗಳ ಆಯೋಗ ಬಂತು, ಅಧ್ಯಕ್ಷರು ನಮ್ಮ ಜನರಲ್ ತಿಮ್ಮಯ್ಯ. ಊರಿಗೆ ಹೋಗಲು ಒಪ್ಪದ 22,000ಕ್ಕೂ ಹೆಚ್ಚು ಚೀನಿ ಮತ್ತು ಉತ್ತರ ಕೊರಿಯಾ ಕಡೆಯ ಕೈದಿಗಳನ್ನು ಭಾರತೀಯ ಪಡೆ ಕಾಯಬೇಕಾಯಿತು. ಚೀನಾ ಮತ್ತು ಉತ್ತರ ಕೊರಿಯಾದ ಕೈಗೆ ಸಿಕ್ಕು ಹಾಗೆಯೇ ಊರಿಗೆ ಹೋಗಲು ಒಪ್ಪದವರು ಮುನ್ನೂರಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ದಕ್ಷಿಣ ಕೊರಿಯದವರು.

ಒಬ್ಬೊಬ್ಬ ಕೈದಿಯನ್ನೂ ಡೇರೆಯೊಳಗೆ ಕರೆತರಬೇಕು. ಅವನ ದೇಶದ ಪ್ರತಿನಿಧಿ ಮನೆಗೆ ಬಾ ಎಂದು ಮನವೊಲಿಸಬೇಕು. ಹೊರಗೆ ಹೋಗಲು ಎರಡು ಬಾಗಿಲು, ಒಂದು ಊರಿಗೆ, ಒಂದು ಬೇಡ ಎನ್ನುವುದಕ್ಕೆ. ಕೇಳಲು ಎಷ್ಟು ಸರಳ! ಆದರೆ ಕೆಲವು ಕೈದಿಗಳ ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳ ಹಚ್ಚೆ ಇತ್ತು, ಅದನ್ನು ಬಲವಂತವಾಗಿ ಹಾಕಿಸಿಕೊಂಡವರೂ ಇದ್ದರು. ಆ ಚರ್ಮ ಹೊತ್ತು ಯಾರು ಊರಿಗೆ ಹೋಗುತ್ತಾರೆ? ಶಿಬಿರದ ಮುಖಂಡರಿಗೆ ಹೆದರಿ, ಊರಿಗೆ ಹೋಗಬೇಕೆಂದಿದ್ದವರು ಕದ್ದುಮುಚ್ಚಿ ಭಾರತೀಯ ಕಾವಲುಗಾರರ ಕಡೆ ಓಡಿಬರಬೇಕಾಗಿತ್ತು. 14,000ಕ್ಕೂ ಹೆಚ್ಚು ಚೀನಿಯರು ಕೊನೆಗೆ ತೈವಾನಿಗೆ ಹೋದರು. 21 ಅಮೆರಿಕನ್ನರು ಮತ್ತು ಒಬ್ಬ ಬ್ರಿಟಿಷ್ ಸೈನಿಕ ಚೀನಾದ ಕಡೆ ಉಳಿದರು. ಎರಡೂ ಕಡೆ ಬೇಡ ಎಂದ 88 ಮಂದಿ ನಮ್ಮ ಪಡೆಯ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು.

ಆ 21 ಜನರಿಂದ ಅಮೆರಿಕ ಬೆಚ್ಚಿಬಿತ್ತು. 1955ರಲ್ಲಿ ಸೈನಿಕರಿಗೆ ನಡತೆಯ ಸಂಹಿತೆ ತಂದಿತು. ಹೆಸರು, ಹುದ್ದೆ, ಸಂಖ್ಯೆ, ಹುಟ್ಟಿದ ದಿನ 'ಮಾತ್ರ' ಹೇಳಲು ಬದ್ಧ ಎಂದಿತ್ತು ಅದರಲ್ಲಿ. ವಿಯೆಟ್ನಾಂನಲ್ಲಿ ಚಿತ್ರಹಿಂಸೆಗೆ ಸಿಕ್ಕ ಕೈದಿಗಳಿಗೆ ಆ ಒಂದು ಪದ ದೊಡ್ಡ ಹೊರೆಯಾಯಿತು. ಮೂಳೆ ಮುರಿದು ಹೇಳಿಸಿದ ಮಾತಿಗೂ ತಾವು ಮಾತು ತಪ್ಪಿದೆವು ಎಂದು ಕೊರಗಿದರು. 1977ರಲ್ಲಿ ಆ 'ಮಾತ್ರ' ಎಂಬ ಪದವನ್ನು ತೆಗೆದರು. ಮೈ ಎಷ್ಟು ತಡೆದೀತು ಅನ್ನುವುದಕ್ಕೆ ಒಂದು ಮಿತಿ ಇದೆ ಎಂದು ಒಪ್ಪಲು 22 ವರ್ಷ ಬೇಕಾಯಿತು.

ನನ್ನ ತರಗತಿಯ ಕೊನೆಯ ಅರ್ಧ ಗಂಟೆಯಲ್ಲಿ ಒಂದು ಖಾಲಿ ಕಾರ್ಡ್ ಹಂಚುತ್ತೇನೆ. ಸೆರೆಸಿಕ್ಕ ಕೂಡಲೇ, ತಡವಾದರೂ ಶಿಬಿರ ಸೇರಿದ ಒಂದು ವಾರದೊಳಗೆ ಪ್ರತಿ ಕೈದಿಗೂ ಮನೆಗೆ ಬರೆಯಲು ಇಂಥ ಕಾರ್ಡ್ ಕೊಡಬೇಕು, ಇದು 70ನೇ ವಿಧಿ. ಹೆಸರು, ದೇಶ, ಆರೋಗ್ಯ, ಮನೆಯವರ ವಿಳಾಸ. ಆಸ್ಟ್ರೇಲಿಯದ ಕೌರಾ ಶಿಬಿರದಲ್ಲಿದ್ದ ಜಪಾನಿ ಕೈದಿಗಳ ವಿಷಯ ಆಗ ಹೇಳುತ್ತೇನೆ. ಅವರಲ್ಲಿ ಅನೇಕರು ಸುಳ್ಳು ಹೆಸರು ಕೊಟ್ಟಿದ್ದರು. ಮಗ ಬದುಕಿದ್ದಾನೆ ಎಂಬ ಸುದ್ದಿ ಮನೆಗೆ ಹೋಗಬಾರದಿತ್ತು, ಅದು ಮನೆತನಕ್ಕೆ ಅವಮಾನ ಅಂದುಕೊಂಡಿದ್ದರು. 1944ರ ಆಗಸ್ಟ್ 5ರ ಬೆಳಗಿನ ಜಾವ ನೂರಾರು ಜನ ಬೇಲಿಯ ಮೇಲೆ ನುಗ್ಗಿದರು. 231 ಜಪಾನಿಯರು ಮತ್ತು ನಾಲ್ವರು ಆಸ್ಟ್ರೇಲಿಯನ್ನರು ಸತ್ತರು.

ಕಾರ್ಡ್ ತುಂಬಿ ಅನ್ನುತ್ತೇನೆ. ಹೆಸರು, ಹುದ್ದೆ, ಸಂಖ್ಯೆಯನ್ನು ಎಲ್ಲರೂ ಸರಸರನೆ ಬರೆಯುತ್ತಾರೆ. ಮನೆಯವರ ವಿಳಾಸದ ಸಾಲಿಗೆ ಬಂದಾಗ ಪೆನ್ನುಗಳು ನಿಲ್ಲುತ್ತವೆ. ನಾನು ಅವಸರ ಮಾಡುವುದಿಲ್ಲ, ಅವರು ಬರೆಯುವವರೆಗೂ ಕಾಯುತ್ತೇನೆ.