ಸಿಬಿಡಿ ಎಣ್ಣೆಗೆ ಅಡ್ಡ ಇರುವುದು ಪೇಟೆಂಟ್ ಅಲ್ಲ

ಜಗಳೂರು ಕಡೆಯಿಂದ ದಾವಣಗೆರೆಗೆ ಮಗುವಿನ ಫಿಟ್ಸ್ ಮಾತ್ರೆ ಒಯ್ಯಲು ಬರುವ ತಾಯಿಯೊಬ್ಬರು ಮೊಬೈಲಿನಲ್ಲಿ ಒಂದು ಬಾಟಲಿಯ ಚಿತ್ರ ತೋರಿಸಿದರು. "ಸಾರ್, ಇದು ಗಾಂಜಾ ಗಿಡದಿಂದ ಮಾಡಿದ್ದಂತೆ, ಫಿಟ್ಸ್ ನಿಲ್ತದಂತೆ. ಪೇಟೆಂಟ್ ಹೊರದೇಶದೋರ ಹತ್ರ ಐತಿ, ಅದಕ್ಕೇ ನಮಗೆ ಸಿಗಲ್ಲ ಅಂತಾರೆ, ಹೌದೇನ್ರಿ?" ಫಾರ್ಮಸಿಸ್ಟ್ ಆಗಿ ಈ ಪ್ರಶ್ನೆಯನ್ನು ನಾನು ಬೇರೆಯವರಿಂದಲೂ ಕೇಳಿದ್ದೇನೆ.

ಚಿತ್ರದಲ್ಲಿದ್ದದ್ದು ಎಪಿಡಿಯೋಲೆಕ್ಸ್. ಬ್ರಿಟನ್ನಿನ ಜಿಡಬ್ಲ್ಯು ಫಾರ್ಮಾಸ್ಯುಟಿಕಲ್ಸ್ ರೂಪಿಸಿದ ಈ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಅದೂ ಲೆನಾಕ್ಸ್-ಗ್ಯಾಸ್ಟೊ ಮತ್ತು ಡ್ರಾವೆ ಎಂಬ ಎರಡು ಕಠಿಣ ಬಗೆಯ ಮೂರ್ಛೆರೋಗಕ್ಕೆ ಮಾತ್ರ. ಎಲ್ಲ ಫಿಟ್ಸಿಗೂ ಅಲ್ಲ. ಅದರಲ್ಲಿರುವುದು ಗಾಂಜಾ ಗಿಡದಿಂದ ತೆಗೆದು ಎಳ್ಳೆಣ್ಣೆಯಲ್ಲಿ ಬೆರೆಸಿದ ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ, ಒಂದು ಎಂಎಲ್‌ಗೆ 100 ಮಿಲಿಗ್ರಾಂ. ಅದೇ ಗಿಡದಲ್ಲಿರುವ, ಅಮಲೇರಿಸುವ ಟಿಎಚ್‌ಸಿ ಬೇರೆ ವಸ್ತು.

ಪೇಟೆಂಟಿನ ಭಯ ನಮ್ಮಲ್ಲಿ ಅತಿಯಾಗಿದೆ. ಗಿಡದಲ್ಲಿ ತಾನಾಗಿ ಇರುವ ವಸ್ತುವನ್ನು ಪತ್ತೆಹಚ್ಚಿದರೆ 1970ರ ನಮ್ಮ ಪೇಟೆಂಟ್ ಕಾಯ್ದೆ ಅದನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ಗೊತ್ತಿರುವ ವಸ್ತುವಿನ ಹೊಸ ಉಪಯೋಗ, ಚಿಕಿತ್ಸಾ ವಿಧಾನ, ಪಾರಂಪರಿಕ ಜ್ಞಾನ, ಇವು ಮೂರೂ ಸೆಕ್ಷನ್ 3ರಲ್ಲೇ ಹೊರಗೆ ಉಳಿಯುತ್ತವೆ. ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧದ ಪೇಟೆಂಟ್ ಅರ್ಜಿ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು ಇದೇ ಸೆಕ್ಷನ್ನಿನಲ್ಲಿ ಗೊತ್ತಿರುವ ವಸ್ತುಗಳ ಬಗ್ಗೆ ಹೇಳುವ 3(ಡಿ) ಮೇಲೆ. ತಯಾರಿಕೆಯ ಹೊಸ ವಿಧಾನಕ್ಕೋ ಹೊಸ ಮಿಶ್ರಣಕ್ಕೋ ಪೇಟೆಂಟ್ ಕೇಳಬಹುದು, ನಿಜ. ಆದರೆ ಅರ್ಜಿ ಹಂತದಲ್ಲೇ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು.

ನಿಜವಾದ ಅಡ್ಡಿ ಪರವಾನಗಿಯದ್ದು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಿಡದ ಹೂತುದಿ ಗಾಂಜಾ, ಅಂಟು ಚರಸ್. ತುದಿಯಿಲ್ಲದ ಬರೀ ಎಲೆ, ಬೀಜ ಗಾಂಜಾದ ವ್ಯಾಖ್ಯೆಗೆ ಸೇರುವುದಿಲ್ಲ. ವೈದ್ಯಕೀಯ, ವೈಜ್ಞಾನಿಕ ಬಳಕೆಗೆ ಕಾಯ್ದೆಯಲ್ಲೇ ಅವಕಾಶವಿದೆ, ಆದರೆ ಅನುಮತಿ ಪಡೆದೇ ಮಾಡಬೇಕು. ಅದಾದ ಮೇಲೆ ಅಲೋಪತಿಯ ಹೊಸ ಔಷಧವಾದರೆ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳಡಿ ಕೇಂದ್ರದ ಔಷಧ ನಿಯಂತ್ರಕರ ಮುಂದೆ ಪುರಾವೆ ಇಡಬೇಕು.

ಆನ್‌ಲೈನ್‌ನಲ್ಲಿ 'ವಿಜಯಾ' (ಭಂಗಿಗೆ ಆಯುರ್ವೇದದ ಹೆಸರು) ಎಂದು ಸಿಗುವ ಎಲೆಸಾರದ ಎಣ್ಣೆಗಳು ಬರುವುದು ಇನ್ನೊಂದು ದಾರಿಯಿಂದ, ಆಯುರ್ವೇದ ಲೈಸೆನ್ಸ್‌ನಿಂದ. ಔಷಧ ನಿಯಮಗಳಲ್ಲಿ ವಿಷವಸ್ತುಗಳ ಪಟ್ಟಿಯಾದ ಇ(1) ಅನುಸೂಚಿಯಲ್ಲಿ ಭಂಗಿ ಇರುವುದರಿಂದ, ಹೊಟ್ಟೆಗೆ ಕೊಡುವ ಇಂಥ ಔಷಧದ ಲೇಬಲ್ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಕಡ್ಡಾಯ. ಆ ಲೈಸೆನ್ಸ್ ಇದ್ದ ಮಾತ್ರಕ್ಕೆ ಎಪಿಡಿಯೋಲೆಕ್ಸ್ ಮೇಲೆ ನಡೆದ ಪರೀಕ್ಷೆ ಈ ಎಣ್ಣೆಗೂ ಆಗಿದೆ ಎಂದರ್ಥವಲ್ಲ. ಹನಿಯೊಂದರಲ್ಲಿ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು ಎಂದು ತಿಳಿಯದೆ ಮಗುವಿನ ತೂಕಕ್ಕೆ ಡೋಸ್ ಲೆಕ್ಕ ಹಾಕುವುದು ಹೇಗೆ?

ನನಗೆ ಹೆಚ್ಚು ಭಯವಿರುವುದು ಇಲ್ಲಿ. ಫಿಟ್ಸ್ ಇರುವ ಎಷ್ಟೋ ಮಕ್ಕಳು ಕ್ಲೋಬಜಾಮ್ ಅಥವಾ ವ್ಯಾಲ್‌ಪ್ರೊಯೇಟ್ ಎಂಬ ಫಿಟ್ಸ್ ಔಷಧದ ಮೇಲೆ ಇರುತ್ತಾರೆ. ಸಿಬಿಡಿ ಸೇರಿದರೆ ಕ್ಲೋಬಜಾಮ್‌ನಿಂದ ದೇಹದಲ್ಲಿ ಹುಟ್ಟುವ ಸಕ್ರಿಯ ಅಂಶ ರಕ್ತದಲ್ಲಿ ಏರುತ್ತದೆ, ಮಗು ಹಗಲೆಲ್ಲ ತೂಕಡಿಸುತ್ತದೆ. ವ್ಯಾಲ್‌ಪ್ರೊಯೇಟ್ ಜೊತೆಗಾದರೆ ಲಿವರ್ ಎನ್‌ಜೈಮ್‌ಗಳು ಏರುವ ಅಪಾಯ ಹೆಚ್ಚು. ಅದಕ್ಕೇ ಅಮೆರಿಕದಲ್ಲಿ ಎಪಿಡಿಯೋಲೆಕ್ಸ್ ಶುರು ಮಾಡುವ ಮೊದಲೂ ಆಮೇಲೂ ಲಿವರ್ ಪರೀಕ್ಷೆ ಮಾಡಿಸುತ್ತಾರೆ. ಇದೆಲ್ಲಕ್ಕಿಂತ ಕೆಟ್ಟದ್ದು, ಎಣ್ಣೆ ಬಂತೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು. ನಿಲ್ಲದ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಎಣ್ಣೆ ಆಗಲೇ ಕೊಡುತ್ತಿದ್ದರೆ ಬಾಟಲಿಯನ್ನೇ ತಂದು ನರರೋಗ ತಜ್ಞರಿಗೆ ತೋರಿಸಿ. ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ.

ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 10 ಈ ಗಿಡದ ಬೇಸಾಯಕ್ಕೆ ಅನುಮತಿ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಕರ್ನಾಟಕ ಅದನ್ನು ಬಳಸಿ, ಕಾವಲಿನಲ್ಲಿ ಬೆಳೆದ ಗಿಡದಿಂದ ಶುದ್ಧ ಸಿಬಿಡಿ ತೆಗೆಸಿ, ನಮ್ಮ ಮೆಡಿಕಲ್ ಕಾಲೇಜುಗಳ ಮಕ್ಕಳ ವಿಭಾಗಗಳಲ್ಲಿ ಟ್ರಯಲ್ ನಡೆಸಲು ಕೇಂದ್ರದ ಒಪ್ಪಿಗೆ ಕೇಳಬೇಕು ಎಂಬುದು ನನ್ನ ಒತ್ತಾಯ.