ಡ್ಯಾಂ ಬುಡದಲ್ಲಿ ನೀರು ಮತ್ತೆ ಮೇಲಕ್ಕೆ ಯಾಕೆ ಹಾರುತ್ತದೆ? ದಪ್ಪ ಕಾಂಕ್ರೀಟ್ ಹಾಕಿದರೆ ಸಾಲದಾ?

ಪ್ರಶ್ನೆ: ಶ್ರೀಶೈಲಕ್ಕೆ ಹೋಗಿದ್ದಾಗ ಡ್ಯಾಂ ಗೇಟ್ ತೆಗೆದಿದ್ದರು. ನೀರು ಕೆಳಗೆ ಇಳಿದು, ಬುಡದಲ್ಲಿ ಮತ್ತೆ ಮೇಲಕ್ಕೆ ಹಾರಿ ದೂರ ಹೋಗಿ ಬೀಳುತ್ತಿತ್ತು. ನೋಡೋಕೆ ಚೆನ್ನಾಗಿರಲಿ ಅಂತ ಹಾಗೆ ಮಾಡಿದ್ದಾರಾ? ಕೆಳಗೆ ದಪ್ಪಗೆ ಕಾಂಕ್ರೀಟ್ ಹಾಕಿ ನೇರವಾಗಿ ನದಿಗೆ ಬಿಟ್ಟಿದ್ದರೆ ಆಗುತ್ತಿರಲಿಲ್ವಾ?

ಪ್ರತಿ ಮಳೆಗಾಲದಲ್ಲೂ ಈ ಪ್ರಶ್ನೆ ಬರುತ್ತದೆ. ಊರು ಬೇರೆ, ಡ್ಯಾಂ ಬೇರೆ, ಕೊನೆಯ ಸಾಲು ಮಾತ್ರ ಯಾವಾಗಲೂ ಅದೇ: ದಪ್ಪಗೆ ಕಾಂಕ್ರೀಟ್ ಹಾಕಿದರೆ ಆಗಲ್ವಾ? ಪ್ರತಿ ಸಲ ಎರಡು ಸಾಲಿನಲ್ಲಿ ಉತ್ತರ ಬರೆದು ಸಾಕಾಗಿದೆ. ಈ ಸಲ ಪೂರ್ತಿ ಬರೆಯುತ್ತೇನೆ, ಮುಂದಿನ ವರ್ಷ ಇದನ್ನೇ ಓದಿ ಅಂತ ಹೇಳಬಹುದು.

ಚೆಂದಕ್ಕೆ ಮಾಡಿದ್ದಲ್ಲ. ಆ ನೀರನ್ನು ಡ್ಯಾಂ ಬುಡದಿಂದ ಆದಷ್ಟು ದೂರ ಎಸೆಯಬೇಕು, ಅದಕ್ಕೇ ಹಾಗೆ ಮಾಡಿರುವುದು. ಡ್ಯಾಂನಲ್ಲಿ ಹೆಚ್ಚಾದ ನೀರು ಇಳಿದು ಹೋಗುವ ದಾರಿಗೆ ಸ್ಪಿಲ್‌ವೇ ಅಂತಾರೆ. ಸ್ಪಿಲ್‌ವೇ ಕೊನೆಯಲ್ಲಿ ಕಾಂಕ್ರೀಟ್ ಮೇಲಕ್ಕೆ ಬಾಗಿರುತ್ತದಲ್ಲ, ಅದಕ್ಕೆ ಬಕೆಟ್ ಅಂತಾರೆ. ಇಳಿದು ಬಂದ ನೀರು ಅಲ್ಲಿ ದಿಕ್ಕು ಬದಲಿಸಿ ಗಾಳಿಗೆ ಹಾರುತ್ತದೆ, ಹಾರುವಾಗ ಒಡೆದು ಗಾಳಿ ತುಂಬಿಕೊಂಡು ನೊರೆಯಾಗುತ್ತದೆ, ಒಂದಷ್ಟು ಕಸುವು ಅಲ್ಲೇ ಕಳೆದುಕೊಂಡು ದೂರದ ಮಡುವಿಗೆ ಬೀಳುತ್ತದೆ. ಇನ್ನು ಕೆಲವು ಕಡೆ ಹಾರಿಸುವುದಿಲ್ಲ. ಬುಡದಲ್ಲೇ ಒಂದು ದೊಡ್ಡ ತೊಟ್ಟಿ ಕಟ್ಟಿ, ಅದರೊಳಗೆ ನೀರು ತನ್ನ ಮೇಲೆ ತಾನೇ ಉರುಳಿ ಕುದಿಯುವ ಹಾಗೆ ಮಾಡುತ್ತಾರೆ. ಅದು ಹೈಡ್ರಾಲಿಕ್ ಜಂಪ್. ಸರಿಯಾಗಿ ಕೂತರೆ ಅರ್ಧಕ್ಕಿಂತ ಜಾಸ್ತಿ ಶಕ್ತಿ ಅಲ್ಲೇ ಕರಗಿಹೋಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಸ್ಪಿಲ್‌ವೇಗಳೂ ಇವೆ. ಯಾವುದು ಎಲ್ಲಿ ಅನ್ನುವುದನ್ನು ಬುಡದ ಬಂಡೆ, ಡ್ಯಾಂ ಎತ್ತರ, ಕೆಳಗಿನ ನದಿಯ ನೀರಿನ ಮಟ್ಟ ಇವೆಲ್ಲ ನೋಡಿ ತೀರ್ಮಾನಿಸುತ್ತಾರೆ.

ಕರಗಿಸಬೇಕಾದ ಶಕ್ತಿ ಎಷ್ಟು ಗೊತ್ತಾ? 1 ಲಕ್ಷ ಕ್ಯೂಸೆಕ್ ಅಂತ ಟಿವಿಯಲ್ಲಿ ಓದುತ್ತಾರಲ್ಲ, ಅಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್. ಅಷ್ಟು ನೀರು 40 ಮೀಟರ್ ಕೆಳಗೆ ಬಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 1,100 ಮೆಗಾವ್ಯಾಟ್. ನಮ್ಮ ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರಗಳು ಪೂರ್ತಿ ಓಡಿದರೆ 1,035 ಮೆಗಾವ್ಯಾಟ್. ಅದಕ್ಕಿಂತ ಜಾಸ್ತಿ ಶಕ್ತಿ, ಕರೆಂಟ್ ಆಗದೆ, ಡ್ಯಾಂ ಬುಡದ ಒಂದು ಸಣ್ಣ ಜಾಗದಲ್ಲಿ, ಹಗಲು ರಾತ್ರಿ ದಿನಗಟ್ಟಲೆ ಖರ್ಚಾಗಬೇಕು. ಎಲ್ಲೋ ಒಂದು ಕಡೆ ಖರ್ಚಾಗಲೇಬೇಕು. ನಾವು ಜಾಗ ತೋರಿಸದಿದ್ದರೆ ನೀರೇ ಹುಡುಕಿಕೊಳ್ಳುತ್ತದೆ, ಬುಡದ ಬಂಡೆ ಕಿತ್ತು.

ಈಗ ಕಾಂಕ್ರೀಟ್ ವಿಷಯಕ್ಕೆ ಬರೋಣ. ಈ ನಂಬಿಕೆ ಎಷ್ಟು ಗಟ್ಟಿ ಅಂದರೆ ಸಿವಿಲ್ ಓದುವ ಹುಡುಗರೂ ಮೂರನೇ ವರ್ಷದ ತನಕ ಬಿಡುವುದಿಲ್ಲ. ಎಂ-20 ಸಾಲದಿದ್ದರೆ ಎಂ-40 ಹಾಕೋಣ, ಅದೂ ಸಾಲದಿದ್ದರೆ ಎಂ-60, ಸರಿ ಹೋಗುತ್ತೆ ಸರ್ ಅಂತಾರೆ. ಆ ನಂಬರ್ ಏನು ಹೇಳುತ್ತದೆ? ಕಾಂಕ್ರೀಟನ್ನು ಎರಡು ಕಡೆಯಿಂದ ಅದುಮಿದರೆ ಎಷ್ಟು ಒತ್ತಡಕ್ಕೆ ಪುಡಿಯಾಗುತ್ತದೆ ಅಂತ. ಸ್ಪಿಲ್‌ವೇಯಲ್ಲಿ ನೀರು ಕಾಂಕ್ರೀಟನ್ನು ಅದುಮಿ ಪುಡಿ ಮಾಡುವುದಿಲ್ಲ. ಅಡಿಗೆ ನುಗ್ಗಿ ಎತ್ತುತ್ತದೆ.

ಲೆಕ್ಕ ನೋಡಿ. ನೀರು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ, ಸ್ಲ್ಯಾಬ್ ಮೇಲೆ ಹರಿಯುತ್ತಿದೆ ಅಂದುಕೊಳ್ಳಿ. ಎರಡು ಸ್ಲ್ಯಾಬ್ ಸೇರುವ ಕಡೆ ಮುಂದಿನ ಸ್ಲ್ಯಾಬಿನ ಅಂಚು ಒಂದು ಚೂರು ಮೇಲೆದ್ದಿದೆ. ನೀರು ಆ ಅಂಚಿಗೆ ಬಡಿದು ನಿಲ್ಲುತ್ತದೆ. ನಿಂತ ತಕ್ಷಣ ವೇಗವೆಲ್ಲ ಒತ್ತಡವಾಗುತ್ತದೆ: ಸುಮಾರು 32 ಮೀಟರ್ ಎತ್ತರದ ನೀರಿನ ಒತ್ತಡ, ಚದರ ಮೀಟರಿಗೆ 32 ಟನ್. ಆ ಒತ್ತಡ ಬಿರುಕಿನ ಮೂಲಕ ಸ್ಲ್ಯಾಬಿನ ಅಡಿಗೆ ಹೋಗುತ್ತದೆ. 40 ಸೆಂಟಿಮೀಟರ್ ದಪ್ಪದ ಸ್ಲ್ಯಾಬ್ ಚದರ ಮೀಟರಿಗೆ ತೂಗುವುದು ಹೆಚ್ಚು ಕಡಿಮೆ 1 ಟನ್. ಒತ್ತಡದಲ್ಲಿ ಹತ್ತನೇ ಒಂದು ಪಾಲು ಅಡಿಗೆ ಹೋದರೂ ಸಾಕು, ಸ್ಲ್ಯಾಬ್ ಎದ್ದಿತು. ದಪ್ಪ ಎರಡು ಪಟ್ಟು ಮಾಡಿದರೂ ಎದ್ದಿತು. ಬಿರುಗಾಳಿಗೆ ಶೀಟಿನ ಮನೆಯ ಶೀಟು ಹಾರುವುದನ್ನು ನೋಡಿದ್ದೀರಲ್ಲ, ಶೀಟು ಮುರಿದು ಹಾರುವುದಿಲ್ಲ, ಗಾಳಿ ಅಡಿಗೆ ಹೊಕ್ಕು ಹಾರಿಸುತ್ತದೆ. ಇಲ್ಲೂ ಅದೇ.

ಇದು ಬರೀ ಪುಸ್ತಕದ ಲೆಕ್ಕ ಅನ್ನುವವರು ಕ್ಯಾಲಿಫೋರ್ನಿಯಾದ ಓರೋವಿಲ್ ಡ್ಯಾಂ ಕಥೆ ಕೇಳಬೇಕು. ಅಮೆರಿಕದಲ್ಲೇ ಅತಿ ಎತ್ತರದ ಡ್ಯಾಂ ಅದು, 770 ಅಡಿ. ಸ್ಪಿಲ್‌ವೇ ಕಾಲುವೆಯೇ ಸುಮಾರು 3,000 ಅಡಿ ಉದ್ದ, ಪೂರ್ತಿ ಕಾಂಕ್ರೀಟ್. 1997ರ ಪ್ರವಾಹದಲ್ಲಿ 1.6 ಲಕ್ಷ ಕ್ಯೂಸೆಕ್ ಅದರ ಮೇಲೆ ಹರಿದಿತ್ತು, ಏನೂ ಆಗಿರಲಿಲ್ಲ. 2017ರ ಫೆಬ್ರವರಿ 7ರಂದು ಅದರ ಮೂರನೇ ಒಂದು ಪಾಲು, 50 ಸಾವಿರ ಕ್ಯೂಸೆಕ್ ಚಿಲ್ಲರೆ ಹರಿಯುತ್ತಿದ್ದಾಗ, ಕಾಲುವೆಯ ನಡುವೆ ಸ್ಲ್ಯಾಬ್ ಕಿತ್ತು ಹೋಯಿತು. ಅಡಿಯ ಬಂಡೆ ಕೊಳೆತು ಮೆತ್ತಗಾಗಿದ್ದ ಜಾಗ. ಸ್ಲ್ಯಾಬ್ ಹೋದ ಮೇಲೆ ನೀರು ಅದನ್ನು ಅಗೆದು ಹಾಕಿತು. ಆಮೇಲೆ ಸ್ವತಂತ್ರ ತಜ್ಞರ ತಂಡ ತನಿಖೆ ಮಾಡಿ ಹೇಳಿದ್ದು ಇದನ್ನೇ: ಬಿರುಕು, ಜಾಯಿಂಟುಗಳಿಂದ ನೀರು ಅಡಿಗೆ ಹೊಕ್ಕಿತು, ಸ್ಲ್ಯಾಬನ್ನು ಎತ್ತಿತು. ಬಂಡೆಗೆ ಹಿಡಿದಿಡುವ ಕಂಬಿಗಳು ಸಾಲದಾಗಿದ್ದವು, ಅಡಿಯ ಚರಂಡಿ ಪೈಪುಗಳ ಮೇಲೆ ಸ್ಲ್ಯಾಬ್ ತೆಳುವಾಗಿತ್ತು, ಅಲ್ಲೇ ಬಿರುಕು ಬಂದಿತ್ತು. ಬಿರುಕುಗಳಿಗೆ ವರ್ಷಗಟ್ಟಲೆ ತೇಪೆ ಹಾಕಿದ್ದರು. ಮೇಲಿನಿಂದ ನೋಡಿದರೆ ಕಾಂಕ್ರೀಟ್ ಚೆನ್ನಾಗೇ ಇತ್ತು. ಹೋದ ಸಲ ತಡೆದಿತ್ತು, ಈ ಸಲವೂ ತಡೆಯುತ್ತೆ ಅನ್ನುವ ಮಾತು ಸ್ಪಿಲ್‌ವೇಗೆ ನಡೆಯುವುದಿಲ್ಲ, ಯಾಕೆಂದರೆ ಅಡಿಯಲ್ಲಿ ಏನು ನಡೆದಿದೆ ಅನ್ನುವುದು ಮೇಲೆ ಕಾಣುವುದಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾಲುವೆ ಒಡೆದಿದ್ದರಿಂದ ನೀರು ಬಿಡುವುದನ್ನು ಕಡಿಮೆ ಮಾಡಿದರು, ಜಲಾಶಯ ಏರಿತು, 11ನೇ ತಾರೀಖು ಪಕ್ಕದ ತುರ್ತು ಸ್ಪಿಲ್‌ವೇ ಮೇಲೆ ನೀರು ಹರಿಯಿತು. 1968ರಲ್ಲಿ ಡ್ಯಾಂ ಮುಗಿದ ಮೇಲೆ ಅದೇ ಮೊದಲು. ಅಲ್ಲಿ ಇದ್ದದ್ದು ಒಂದು ಕಾಂಕ್ರೀಟ್ ಕಟ್ಟೆ, ಅದರ ಕೆಳಗೆ ಬರೀ ಗುಡ್ಡ. ಲೆಕ್ಕದಲ್ಲಿ ಲಕ್ಷಗಟ್ಟಲೆ ಕ್ಯೂಸೆಕ್ ಹೊರಬೇಕಿದ್ದ ಜಾಗ, 12 ಸಾವಿರ ಚಿಲ್ಲರೆ ಕ್ಯೂಸೆಕ್‌ಗೇ ಗುಡ್ಡ ಕುಸಿಯತೊಡಗಿತು. ಕೊರೆತ ಕೆಳಗಿನಿಂದ ಶುರುವಾಗಿ ಮೇಲಕ್ಕೆ, ಕಟ್ಟೆಯ ಬುಡದ ಕಡೆಗೆ ಹತ್ತಿ ಬರುತ್ತಿತ್ತು. ಕಟ್ಟೆಗೆ ಏನೂ ಆಗಿರಲಿಲ್ಲ, ಕಾಂಕ್ರೀಟ್ ಗಟ್ಟಿಯಾಗಿತ್ತು, ಆದರೆ ಅದು ನಿಂತ ನೆಲವೇ ಹೋಗುತ್ತಿತ್ತು. 12ನೇ ತಾರೀಖು ಸಂಜೆ ಸುಮಾರು 1,88,000 ಜನರನ್ನು ಊರು ಖಾಲಿ ಮಾಡಿಸಿದರು. ಕೊನೆಗೆ ಒಡೆದ ಕಾಲುವೆಯಲ್ಲೇ 1 ಲಕ್ಷ ಕ್ಯೂಸೆಕ್ ಬಿಟ್ಟು ಜಲಾಶಯ ಇಳಿಸಿದರು. ರಿಪೇರಿಗೆ 100 ಕೋಟಿ ಡಾಲರಿಗೂ ಜಾಸ್ತಿ ಖರ್ಚಾಯಿತು. ಆ ಗುಡ್ಡಕ್ಕೆ ರಕ್ಷಣೆ ಕೊಡಿ ಅಂತ ಪರಿಸರ ಸಂಘಟನೆಗಳು 2005ರಲ್ಲೇ ಕೇಳಿದ್ದವು. ಇದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಅಡಿಗೆ ನುಗ್ಗುವ ನೀರು ಒಂದು ಶತ್ರುವಾದರೆ, ಕಾಂಕ್ರೀಟಿನ ಎರಡನೇ ಶತ್ರು ಇನ್ನೂ ಸೂಕ್ಷ್ಮ. 1983ರಲ್ಲಿ ಅಮೆರಿಕದ ಕೊಲರಾಡೊ ನದಿಯ ಗ್ಲೆನ್ ಕ್ಯಾನಿಯನ್ ಡ್ಯಾಂನಲ್ಲಿ ಸ್ಪಿಲ್‌ವೇ ಸುರಂಗಗಳಿಗೆ ನೀರು ಬಿಟ್ಟರು. 41 ಅಡಿ ಅಗಲದ ಸುರಂಗ, ಒಳಗೆಲ್ಲ ಒಳ್ಳೆಯ ಕಾಂಕ್ರೀಟ್. ಕೆಲವು ದಿನಗಳಲ್ಲಿ ಕಾಂಕ್ರೀಟ್ ತುಂಡು, ಕೆಂಪು ಬಂಡೆ ಎಲ್ಲ ನೀರಿನ ಜೊತೆ ಹೊರಗೆ ಬರತೊಡಗಿತು. ಆಮೇಲೆ ಒಳಗೆ ಹೋಗಿ ನೋಡಿದರೆ ಸುರಂಗದ ತಳದಲ್ಲಿ 30 ಅಡಿಗೂ ಜಾಸ್ತಿ ಆಳದ ಗುಂಡಿ. ಕಾರಣ ಕ್ಯಾವಿಟೇಶನ್. ಅಷ್ಟು ವೇಗದಲ್ಲಿ ಹರಿಯುವ ನೀರಿಗೆ ಕೆಲವು ಮಿಲಿಮೀಟರ್ ಉಬ್ಬು ಅಡ್ಡ ಬಂದರೂ ಅದರ ಹಿಂದೆ ಒತ್ತಡ ಕುಸಿಯುತ್ತದೆ, ನೀರು ತಣ್ಣಗಿದ್ದಂತೆಯೇ ಆವಿಯಾಗಿ ಗುಳ್ಳೆ ಏಳುತ್ತದೆ, ಆ ಗುಳ್ಳೆಗಳು ಮುಂದೆ ಹೋಗಿ ಒಡೆಯುವಾಗ ಕಾಂಕ್ರೀಟನ್ನು ಕಣ ಕಣವಾಗಿ ಕೀಳುತ್ತವೆ. ಇದಕ್ಕೆ ಸಿಕ್ಕ ಪರಿಹಾರ ಏನು ಗೊತ್ತಾ? ಗಾಳಿ. ಸುರಂಗದ ಸುತ್ತ ಒಂದು ತೋಡು ಕೊರೆದು ಹರಿವಿನ ಅಡಿಗೆ ಗಾಳಿ ಸೇರುವ ಹಾಗೆ ಮಾಡಿದರು. ಮೇಲ್ಮೈ ಹತ್ತಿರದ ನೀರಿನಲ್ಲಿ ನೂರಕ್ಕೆ ಏಳೆಂಟು ಪಾಲು ಗಾಳಿ ಇದ್ದರೆ ಸಾಕು, ಈ ಕೊರೆತ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮುಂದಿನ ವರ್ಷ ಮತ್ತೆ ನೀರು ಬಿಟ್ಟು ಪರೀಕ್ಷೆ ಮಾಡಿದಾಗ ಸುರಂಗ ತಡೆಯಿತು. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಪಾಠ ಇದು, ಕ್ಲಾಸಿನಲ್ಲಿ ಹೇಳುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಹಾಗಾದರೆ ಬಕೆಟ್‌ನಿಂದ ದೂರ ಎಸೆದರೆ ಎಲ್ಲ ಮುಗಿಯಿತಾ? ಇಲ್ಲ. ಬಿದ್ದ ಜಾಗದಲ್ಲಿ ಕೊರೆತ ಇದ್ದೇ ಇರುತ್ತದೆ. ಆಫ್ರಿಕಾದ ಜಾಂಬೆಜಿ ನದಿಯ ಕರೀಬಾ ಡ್ಯಾಂನಲ್ಲಿ ನೀರು ಬಿದ್ದು ಬಿದ್ದು ಗಟ್ಟಿ ಬಂಡೆಯಲ್ಲೇ ಸುಮಾರು 80 ಮೀಟರ್ ಆಳದ ಗುಂಡಿ ಆಗಿದೆ. ಶ್ರೀಶೈಲದ ಕೆಳಗಿನ ಮಡುವಿನ ಬಗ್ಗೆಯೂ ವರ್ಷಗಳಿಂದ ಚಿಂತೆ ಇದೆ. 2009ರ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೀರು ಕೃಷ್ಣಾ, ತುಂಗಭದ್ರಾ ಹಿಡಿದು ಅಲ್ಲಿಗೇ ಹೋಯಿತಲ್ಲ, ಆಗ ಒಳಹರಿವು ಸುಮಾರು 25 ಲಕ್ಷ ಕ್ಯೂಸೆಕ್ ಮುಟ್ಟಿತ್ತು. ಡಿಸೈನ್ ಮಾಡಿದ್ದು 19 ಲಕ್ಷಕ್ಕೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾದ 19ನೇ ಗೇಟ್ ಕೊಚ್ಚಿಹೋದಾಗ ಎಲ್ಲರೂ ತುಂಡಾದ ಚೈನಿನ ಬಗ್ಗೆ ಮಾತಾಡಿದರು, ಸರಿಯೇ. ಆದರೆ ಗೇಟಿನ ಕೆಳಗೆ ನೀರು ಬೀಳುವ ಜಾಗವನ್ನು ಯಾರು ಯಾವಾಗ ಅಳೆದರು ಅಂತ ಕೇಳುವವರು ಕಡಿಮೆ. ಬೇಸಿಗೆಯಲ್ಲಿ ಆ ಗುಂಡಿಯ ಆಳ ಅಳೆಯುವುದು ಗೇಟಿಗೆ ಗ್ರೀಸ್ ಹಚ್ಚುವಷ್ಟೇ ಮುಖ್ಯದ ಕೆಲಸ.

ಇದನ್ನೆಲ್ಲ ಮೊದಲೇ ಹೇಗೆ ತಿಳಿಯುತ್ತಾರೆ? ಮಾದರಿ ಕಟ್ಟಿ. ಪುಣೆ ಹತ್ತಿರ ಖಡಕ್ವಾಸ್ಲಾದಲ್ಲಿ 1916ರಲ್ಲಿ ಶುರುವಾದ, ಈಗ ಕೇಂದ್ರ ಸರ್ಕಾರದ್ದಾಗಿರುವ ಸಂಶೋಧನಾ ಕೇಂದ್ರ ಇದೆ, ನಮ್ಮ ಕೆಆರ್‌ಎಸ್‌ನಲ್ಲೇ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇದೆ. ಬೃಂದಾವನ ನೋಡಲು ಹೋಗುವವರಲ್ಲಿ ಹೆಚ್ಚಿನವರಿಗೆ ಪಕ್ಕದಲ್ಲೇ ಇಂಥದ್ದೊಂದು ಇದೆ ಅಂತ ಗೊತ್ತೇ ಇಲ್ಲ. ಐವತ್ತನೇ ಒಂದು ಅಳತೆಯ ಮಾದರಿ ಕಟ್ಟಿದರೆ 1 ಲಕ್ಷ ಕ್ಯೂಸೆಕ್‌ಗೆ ಬದಲು 6 ಕ್ಯೂಸೆಕ್‌ಗಿಂತ ಕಡಿಮೆ ನೀರು ಸಾಕು. ಜಂಪ್ ಎಲ್ಲಿ ಕೂರುತ್ತದೆ, ಎಲ್ಲಿ ಕೊರೆಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಕ್ಯಾವಿಟೇಶನ್ ಮಾತ್ರ ಸಣ್ಣ ಮಾದರಿಯಲ್ಲಿ ಕಾಣುವುದಿಲ್ಲ, ಅಲ್ಲಿ ಆ ವೇಗ ಇರುವುದಿಲ್ಲ.

ಯಾರೂ ಕೇಳದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮೂರ ಕೆರೆಯ ಕೋಡಿಯೂ ಒಂದು ಸ್ಪಿಲ್‌ವೇ. ಹಳಬರು ಎಷ್ಟೋ ಕಡೆ ಏರಿಯ ತುದಿಯಲ್ಲಿ ಬಂಡೆ ಸಿಕ್ಕ ಜಾಗ ನೋಡಿಯೇ ಕೋಡಿ ಇಟ್ಟಿದ್ದಾರೆ, ಕೊರೆತದ ಲೆಕ್ಕ ಅವರಿಗೆ ಗೊತ್ತಿತ್ತು. ಈಗ ಏನು ಮಾಡುತ್ತಾರೆ ಅಂದರೆ, ಇನ್ನೂ ಸ್ವಲ್ಪ ನೀರು ನಿಲ್ಲಲಿ ಅಂತ ಕೋಡಿ ಮೇಲೆ ಮರಳು ಮೂಟೆ ಪೇರಿಸುತ್ತಾರೆ. ಕೋಡಿ ಮಟ್ಟದಿಂದ ಏರಿಯ ತಲೆಗೆ 5 ಅಡಿ ಇದೆ ಅನ್ನಿ. 2 ಅಡಿ ಮೂಟೆ ಇಟ್ಟರೆ ಉಳಿದದ್ದು 3 ಅಡಿ. ಕೋಡಿ ಹೊರಹಾಕುವ ನೀರು ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ ಅಂದುಕೊಂಡಿರಾ? ಇಲ್ಲ, ಅರ್ಧಕ್ಕಿಂತ ಕೆಳಗೆ, ನೂರಕ್ಕೆ ಸುಮಾರು 46ಕ್ಕೆ ಇಳಿಯುತ್ತದೆ, ಯಾಕೆಂದರೆ ಹರಿವು ನೀರಿನ ಎತ್ತರದ ಒಂದೂವರೆ ಘಾತದಲ್ಲಿ ಬದಲಾಗುತ್ತದೆ. ದೊಡ್ಡ ಮಳೆ ಬಂದ ರಾತ್ರಿ ನೀರು ಏರಿಯ ಮೇಲೇ ಹತ್ತುತ್ತದೆ. ಮಣ್ಣಿನ ಏರಿ ಅದನ್ನು ತಡೆಯುವುದಿಲ್ಲ. ವಾಣಿ ವಿಲಾಸ ಸಾಗರ 1933 ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಆದ ಮೇಲೆ. ನಮ್ಮ ಕೋಡಿ ಹರಿದು ಯಾವ ಕಾಲವಾಯ್ತು, ಮೂಟೆ ಇಟ್ಟರೇನು ಅನ್ನುವವರು ಇದನ್ನು ನೆನಪಿಡಬೇಕು.

ಮೂಟೆ ಇದ್ದರೆ ಮಳೆಗಾಲಕ್ಕೆ ಮುಂಚೆ ತೆಗೆಸಿ. ಕೋಡಿಯ ಕೆಳಗೆ ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ಕಲ್ಲು ಕಿತ್ತಿದ್ದರೆ, ಗುಂಡಿ ಬಿದ್ದು ಕೋಡಿಯ ಕಡೆಗೆ ಹತ್ತಿ ಬರುತ್ತಿದ್ದರೆ ಫೋಟೊ ತೆಗೆದು ಅರ್ಜಿ ಕೊಡಿ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹಾಯುವ ಜಮೀನು, 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆ ಇದ್ದರೆ ಪಂಚಾಯಿತಿಗೆ. ಕೋಡಿಯ ಮೇಲೆ ಸಿಮೆಂಟ್ ಬಳಿದುಕೊಡುತ್ತೇವೆ ಅಂದರೆ ಒಪ್ಪಬೇಡಿ, ಕೆಳಗಿನ ಗುಂಡಿಗೆ ದೊಡ್ಡ ಕಲ್ಲು ತುಂಬಿಸಿ ಅನ್ನಿ.